ಮಲಗಿ ಅಳತೆ ತೆಗೆಯುವ ಟೇಪಕ್ಕ

ನಮ್ಮ ಬೀದಿಯಲ್ಲಿ ಪರದೆ ಹೊಲಿಯುವ ಹೆಂಗಸನ್ನು ಎಲ್ಲರೂ ಟೇಪಕ್ಕ ಎನ್ನುತ್ತಾರೆ. ಕೊರಳಲ್ಲಿ ಸದಾ ಹಳದಿ ಅಳತೆ ಟೇಪು. ಊಟಕ್ಕೆ ಕೂತರೂ ತೆಗೆಯುವುದಿಲ್ಲ ಎಂದು ಅವರ ಗಂಡನೇ ಗೊಣಗುತ್ತಾರೆ. ವಯಸ್ಸು ಐವತ್ತೈದರ ಆಸುಪಾಸು, ಮಾತು ಕಡ್ಡಿ ಮುರಿದಂತೆ. ಹೊಲಿಗೆ ಕಲಿಸಿದ್ದು ಅವರ ಅತ್ತೆ. "ದಿನಾ ಹೊಲಿಗೆ ಬಿಚ್ಚಿಸೋರು. ಅದನ್ನ ಮತ್ತೆ ಹಾಕೋದ್ರಲ್ಲೇ ಹೊತ್ತು ಹೋಗೋದು, ಜಗಳ ಆಡೋಕೆ ಪುರುಸೊತ್ತೇ ಸಿಗ್ಲಿಲ್ಲ" ಎನ್ನುತ್ತಾರೆ. ಟೇಪಕ್ಕನ ಮೇಲೆ ನನಗೆ ಈಗ ಎಷ್ಟು ಗೌರವವಿದೆಯೋ, ಮೊದಲ ದಿನ ಅಷ್ಟೇ ಸಿಟ್ಟು ಬಂದಿತ್ತು.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಹನ್ನೊಂದು ವರ್ಷದಿಂದ ಎಳೆಗೂಸುಗಳ ವಾರ್ಡಿನಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಬಂದು ಮಲಗಿದರೆ ಮಧ್ಯಾಹ್ನದವರೆಗೆ ನಿದ್ದೆ. ಅದು ಅವಳ ಕ್ರಮ. ಮಹಡಿಯ ಈ ಬಾಡಿಗೆ ಮನೆಗೆ ಬಂದ ಮೇಲೆ ಆ ನಿದ್ದೆಗೆ ಕಲ್ಲು ಬಿತ್ತು. ಮಲಗುವ ಕೋಣೆಗೆ ಎರಡು ಕಿಟಕಿ. ಒಂದು ಮಂಚದ ತಲೆಯ ಕಡೆ, ಇಳಿಜಾರು ಸೂರಿನ ಜೊತೆಗೇ ಓರೆಯಾಗಿ ಕತ್ತರಿಸಿದ್ದು, ಒಂದು ಪಕ್ಕ ಎತ್ತರ, ಇನ್ನೊಂದು ಪಕ್ಕ ಗಿಡ್ಡ. ಇನ್ನೊಂದು ಕನ್ನಡಿ ಬೀರುವಿಗೆ ಅಂಟಿಕೊಂಡ ಸಣ್ಣ ಕಿಟಕಿ; ಅಲ್ಲಿ ಪರದೆಯ ಸರಳು ಹಾಕಿದರೆ ಬೀರುವಿನ ಬಾಗಿಲು ತೆರೆಯುವುದಿಲ್ಲ. ಇಂಥ ಜಾಗದಲ್ಲಿ ಕಿಟಕಿ ಇಟ್ಟ ಪುಣ್ಯಾತ್ಮ ಯಾರೋ, ಅವನು ಆ ಕೋಣೆಯಲ್ಲಿ ಒಂದು ದಿನವೂ ಮಲಗಿರಲಾರ. ನಾನು ಓರೆ ಕಿಟಕಿಗೆ ಮೊಳೆ ಹೊಡೆದು ಬೆಡ್‌ಶೀಟು ಕಟ್ಟಿದೆ. ಅದು ಎರಡನೇ ದಿನ ಅವಳ ಮುಖದ ಮೇಲೆಯೇ ಬಿತ್ತು.

ಒಂದು ಬೆಳಗಿನ ಜಾವ ಅವಳು ವಾರ್ಡಿನಲ್ಲಿ ನಿಂತಲ್ಲೇ ತೂಕಡಿಸಿದಳು. ಮೇಲಿನ ಸಿಸ್ಟರ್ ಕಣ್ಣಿಗೆ ಬಿತ್ತು. ಇನ್ನೊಂದು ಸಲ ಹೀಗಾದರೆ ಮಕ್ಕಳ ವಾರ್ಡಿನಿಂದ ತೆಗೆದು ಕಡತದ ಕೆಲಸಕ್ಕೆ ಹಾಕುವುದಾಗಿ ಹೇಳಿದರು. ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಕೂತುಬಿಟ್ಟಳು.

"ಅವರು ತೆಗೆಯೋದಿರಲಿ, ನಂಗೇ ಭಯ ಆಗ್ತಿದೆ. ಕೈಯಲ್ಲಿ ಮಗು ಇರುತ್ತೆ ಕಣ್ರೀ" ಎಂದಳು.

ಟೇಪಕ್ಕನನ್ನು ಕರೆಸಿದ್ದು ಆಗ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಬಂದರು. ಅವತ್ತು ಹೆಂಡತಿ ಮಲಗಲು ತಂಗಿಯ ಮನೆಗೆ ಹೋಗಿದ್ದಳು. ಟೇಪಕ್ಕ ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. "ನಿಮ್ಮ ಮನೆಯವರು ಯಾವ ಮಗ್ಗುಲಿಗೆ ಮಲಗ್ತಾರೆ?" ಎಂದು ಕೇಳಿ, ಸೀದಾ ಹೋಗಿ ನಮ್ಮ ಮಂಚದ ಮೇಲೆ ಉದ್ದಕ್ಕೆ ಮಲಗಿದರು. ಹತ್ತಾಯಿತು, ಹತ್ತೂವರೆಯಾಯಿತು. ಇಣುಕಿ ನೋಡಿದರೆ ಕಣ್ಣು ಮುಚ್ಚಿದ್ದಾರೆ! ನನಗೆ ಮೈಯೆಲ್ಲ ಉರಿಯಿತು.

"ನಿದ್ದೆ ಮಾಡೋಕೆ ಬಂದ್ರಾ, ಅಳತೆ ತಗೊಳ್ಳೋಕೆ ಬಂದ್ರಾ?"

"ಸುಮ್ನಿರಿ ಸಾರ್. ಕಣ್ಣು ಮುಚ್ಕೊಂಡ್ರೇನೇ ಗೊತ್ತಾಗೋದು, ಯಾವ ಬೆಳಕು ಚುಚ್ಚುತ್ತೆ ಅಂತ."

ಹನ್ನೊಂದೂ ಕಾಲಿಗೆ ಅವರು ಥಟ್ಟನೆ ಕೂಗಿದರು. ಓಡಿಹೋದೆ. ಬೀರುವಿನ ಕನ್ನಡಿಯಿಂದ ಬಿಸಿಲಿನ ಒಂದು ಚೂರು ನೇರ ದಿಂಬಿನ ಮೇಲೆ ಬಿದ್ದಿತ್ತು. ಸಣ್ಣ ಕಿಟಕಿಯಿಂದ ಬಂದದ್ದು. ಗಾಳಿಗಿರಲಿ ಎಂದು ನಾನು ಮುಚ್ಚದೆ ಬಿಟ್ಟ ಕಿಟಕಿ ಅದು. ಹೆಂಡತಿಗೆ ದಿನಾ ಎಚ್ಚರವಾಗುತ್ತಿದ್ದದ್ದೂ ಆ ಹೊತ್ತಿಗೇ. ಟೇಪಕ್ಕ ಮಲಗಿದಲ್ಲಿಂದಲೇ ಕಿಟಕಿಗಳ ಆಕಾರವನ್ನು ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಎದ್ದು ಟೇಪು ಹಿಡಿದರು.

ಆಮೇಲೆ ಟೀ ಕುಡಿಯುತ್ತಾ ಅವರೇ ಹೇಳಿದರು. ಹೊಸದರಲ್ಲಿ ಒಬ್ಬ ಬಾಣಂತಿಯ ಕೋಣೆಗೆ ನಿಂತುಕೊಂಡೇ ಅಳೆದು ಪರದೆ ಹೊಲಿದಿದ್ದರಂತೆ. ಮನೆಯವರೆಲ್ಲ ಹೊಗಳಿದರು. ಆ ಹುಡುಗಿ ಮಾತ್ರ, "ಬಾಗಿಲಲ್ಲಿ ನಿಂತು ನೋಡೋರಿಗೆ ಚಂದ ಇದೆ ಅಕ್ಕಾ, ಮಲಗಿದ ನಂಗೆ ಬಿಸಿಲು ಬಿಸಿಲೇ" ಅಂದಳಂತೆ. ಅವತ್ತಿನಿಂದ ಮಲಗದೆ ಟೇಪು ಬಿಚ್ಚಿದವರಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೇ ಪರದೆ ತಂದರು. ಸಣ್ಣ ಕಿಟಕಿಗೆ ಚೌಕಟ್ಟಿನ ಒಳಗೇ ಸರಳು ಸಿಕ್ಕಿಸಿ, ಮೇಲಿನ ಅರ್ಧಕ್ಕೆ ಮಾತ್ರ ಪರದೆ. ಕನ್ನಡಿಗೆ ಬಿಸಿಲಿಲ್ಲ, ಕೆಳಗಿಂದ ಗಾಳಿಗೆ ದಾರಿ, ಬೀರುವಿನ ಬಾಗಿಲಿಗೂ ಅಡ್ಡಿಯಿಲ್ಲ. ಓರೆ ಕಿಟಕಿಯ ಪರದೆ ಎತ್ತಿ ಹಿಡಿದರು, ಹಿಡಿದಲ್ಲೇ ನಿಂತರು. ಪರದೆಯ ಎತ್ತರದ ಪಕ್ಕ ಕಿಟಕಿಯ ಗಿಡ್ಡ ಪಕ್ಕಕ್ಕೆ ಬಂದಿತ್ತು.

"ತಲೆ ಕಿಟಕಿ ಕಡೆ ಹಾಕಿ ಮಲಗಿ ಬರ್ಕೊಂಡೆ. ಎಡ ಬಲ ಆಗೋಯ್ತು. ತಪ್ಪು ನಂದೇ" ಎಂದರು. ಸುತ್ತಿಬಳಸಿ ಒಂದು ಮಾತಿಲ್ಲ.

"ಹಿಂದು ಮುಂದು ಮಾಡಿ ಹಾಕಿದ್ರಾಯ್ತಲ್ಲ?"

"ಬೆಳಕು ತಡೆಯೋಕೆ ಹಿಂದ್ಗಡೆ ರಬ್ಬರ್ ಮೆತ್ತಿದೆ ಸಾರ್. ಆ ನಾತ ಮೂಗಿನ ಹತ್ರ ಇಟ್ಕೊಂಡು ಯಾರು ಮಲಗ್ತಾರೆ?"

ಅಷ್ಟರಲ್ಲಿ ಹೆಂಡತಿ ಬಂದಳು. ಎರಡು ಪಾಳಿ ಸೇರಿಸಿ ಮಾಡಿದ್ದಳು; ರಾತ್ರಿ ಮತ್ತೆ ಹೋಗಬೇಕು. "ಹೇಗಾದ್ರೂ ಇರ್ಲಿ ಅಕ್ಕಾ" ಎಂದವಳೇ ಮುಖದ ಮೇಲೆ ದಿಂಬು ಒತ್ತಿಕೊಂಡು ಬಿದ್ದುಕೊಂಡಳು. ಟೇಪಕ್ಕ ಪರದೆಯನ್ನು ಹಾಗೆಯೇ ಏರಿಸಿದರು. ಉಳಿದ ಬಟ್ಟೆಯನ್ನು ಮೂರು ಮೂಲೆಯಾಗಿ ಕತ್ತರಿಸಿ, ಮಂಚದ ಪಕ್ಕ ಸ್ಟೂಲು ಹತ್ತಿ, ತೆರೆದು ಉಳಿದ ಮೂಲೆಗೆ ಕೈಯಲ್ಲೇ ಹೊಲಿಯತೊಡಗಿದರು. ಸಣ್ಣ ಕಿಟಕಿಯ ಬೆಳಕು ಅಲ್ಲಿಗೆ ಮುಟ್ಟುತ್ತಿರಲಿಲ್ಲ; ಆ ಕಿಂಡಿಯಿಂದ ಬರುವ ಬೆಳಕೇ ಅವರಿಗೆ ದೀಪ. ಹೊಲಿದಷ್ಟೂ ಅದು ಕಿರಿದಾಗುತ್ತಿತ್ತು. ಕೊನೆಯ ಹೊಲಿಗೆಗಳನ್ನು ಬೆರಳಲ್ಲಿ ತಡವಿ ತಡವಿ ಹಾಕಿದರು. ನಾನು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಇಳಿದಾಗ ಅವರ ಹೆಬ್ಬೆರಳಲ್ಲಿ ರಕ್ತವಿತ್ತು, ಬಾಯಿಂದ ಒಂದು 'ಸ್' ಕೂಡ ಬಂದಿರಲಿಲ್ಲ. ಅವತ್ತು ಆ ಹೆಂಗಸಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಮನೆಗೆ ಹೋಗಿ ಎಂದರೆ ಹೋಗಲಿಲ್ಲ. "ಹನ್ನೊಂದೂ ಕಾಲು ದಾಟ್ಲಿ" ಎಂದು ಹೊರಗಿನ ಕೋಣೆಯಲ್ಲಿ ಕೂತರು. ಅದು ದಾಟಿತು, ಹನ್ನೆರಡು ದಾಟಿತು, ಎರಡೂ ದಾಟಿತು. ಇಬ್ಬರೂ ಪಿಸುಮಾತಿನಲ್ಲೇ ಅನ್ನ ತಿಂದೆವು.

ಮೂರೂವರೆಗೆ ಬಾಗಿಲು ತೆರೆಯಿತು. ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು ಹೆಂಡತಿ ನಿಂತಿದ್ದಳು. ಗಡಿಯಾರ ನೋಡಿದಳು, ನನ್ನ ಮುಖ ನೋಡಿದಳು, ಹೊಸ್ತಿಲಲ್ಲೇ ಕುಸಿದು ಕೂತು ಗಳಗಳ ಅತ್ತಳು.

ಟೇಪಕ್ಕ ಎದ್ದು ಬಂದರು. "ಏಳಮ್ಮ, ಮುಖ ತೊಳ್ಕೋ. ರಾತ್ರಿ ಮಕ್ಕಳನ್ನ ಎತ್ಕೋಬೇಕು ನೀನು" ಎಂದರು.