ಅಕ್ಕನ ಪಾಲಿನ ಗೆಲುವು

ಟೀಮ್ ಲೀಡ್ ಆದ ದಿನ ನನ್ನ ಧ್ವನಿ ಹೋಯಿತು. ಮಧ್ಯಾಹ್ನದ ಮೀಟಿಂಗಿನಲ್ಲಿ ಹನ್ನೆರಡು ಜನ ಚಪ್ಪಾಳೆ ತಟ್ಟಿದರು. ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ, ಗಾಳಿಯಷ್ಟೇ ಬಂತು. ಗಂಟಲುನೋವಿಲ್ಲ, ಜ್ವರವಿಲ್ಲ. ಖುಷಿಗೆ ಗಂಟಲು ಕಟ್ಟಿದೆ ಎಂದುಕೊಂಡು ಅವರು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ನಮ್ಮ ಲಿಂಗಸೂಗೂರಿನಲ್ಲಾಗಿದ್ದರೆ ಸಂಜೆಯೊಳಗೆ ಓಣಿಯ ನಾಲ್ಕು ಮನೆಗಳಿಂದ ನಾಲ್ಕು ಥರದ ಕಷಾಯ ಬರುತ್ತಿತ್ತು, ಕುಡಿದು ಮುಗಿಸುವವರೆಗೆ ತಂದವರು ಕದಲುತ್ತಿರಲಿಲ್ಲ. ಇಲ್ಲಿ ಹೈದರಾಬಾದಿನ ಲಿಂಗಂಪಲ್ಲಿಯ ಫ್ಲ್ಯಾಟಿನಲ್ಲಿ ಎದುರುಮನೆಯಾಕೆ ಮೂರು ದಿನ ನನ್ನ ಮೌನ ನೋಡಿ, ತನ್ನ ಮೇಲೆ ಸಿಟ್ಟೆಂದು ತಿಳಿದು ತಾನೂ ಮಾತು ಬಿಟ್ಟಳು. ಗಂಟಲಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಎಲ್ಲ ಸರಿಯಿದೆ ಎಂದು ಚೀಟಿಯಲ್ಲಿ ಇನ್ನೊಂದು ಹೆಸರು ಬರೆದುಕೊಟ್ಟರು. "ಮನಸ್ಸಿನ ಡಾಕ್ಟರು. ಹೋಗಿ ಮಾತಾಡಿ." ಮಾತೇ ಹೋದವಳಿಗೆ ಕೊಡುವ ಸಲಹೆಯೇ ಇದು?

ಒಂಬತ್ತನೆಯ ದಿನ ಆಟೋದವನೊಂದಿಗೆ ಜಗಳವಾಡುವಾಗ ಧ್ವನಿ ತಾನಾಗಿ ಮರಳಿತು. ಆದರೂ ಚೀಟಿಯಲ್ಲಿದ್ದ ಡಾಕ್ಟರ ಬಳಿ ಹೋದೆ. ಗೊತ್ತುಮಾಡಿದ ಸಮಯ ತಪ್ಪಿಸುವ ಅಭ್ಯಾಸ ನನಗಿರಲಿಲ್ಲ.

ಹೈದರಾಬಾದಿಗೆ ಬಂದು ಆಗ ಮೂರು ವರ್ಷ. ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಅಂಥದ್ದೊಂದು ಕಟ್ಟಡದಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಊರನ್ನೂ ಹಾಗೇ ತಪ್ಪು ಹುಡುಕುತ್ತ ಕಲಿತೆ. ಜೋಳದ ರೊಟ್ಟಿ ಸಿಕ್ಕರೆ ದಪ್ಪ, ಚಹಾ ಅತಿ ಸಿಹಿ. ಇಲ್ಲಿನವರ 'ಪರ್ಸೋಂ' ಎಂಬ ಮಾತಿಗೆ ನಿಘಂಟಿನಲ್ಲಿ ಮೊನ್ನೆ ಎಂದರ್ಥ, ಇವರ ಬಾಯಲ್ಲಿ ಅದು ಹೋದ ವಾರವೂ ಹೌದು, ಹತ್ತು ವರ್ಷದ ಹಿಂದಿನದೂ ಹೌದು. ಪ್ಲಂಬರ್ 'ಪರ್ಸೋಂ ಬಂದಿದ್ದೆನಲ್ಲ' ಎಂದರೆ ಅವನೊಂದಿಗೆ ವಾದಿಸಲು ಏನೂ ಉಳಿಯುವುದಿಲ್ಲ.

ಚಂದಾನಗರದಲ್ಲಿ ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಆ ಡಾಕ್ಟರು ಕೂರುತ್ತಿದ್ದರು. ಹೆಸರು ವಸುಧಾ. ಅವರಿಗೆ ತೆಲುಗು, ಹಿಂದಿ, ಇಂಗ್ಲಿಷ್ ಬರುತ್ತಿದ್ದವು, ಕನ್ನಡ ಇಲ್ಲ. "ಎಷ್ಟು ವಾರದಲ್ಲಿ ಸರಿಹೋಗ್ತೀನಿ?" ಎಂದು ಮೊದಲ ದಿನವೇ ಕೇಳಿದೆ.

"ಸರಿಹೋಗೋದು ಅಂದ್ರೆ ನಿಮ್ಮ ಪ್ರಕಾರ ಏನು?" ಎಂದರು.

ಪ್ರತಿ ಸಲವೂ ಇದೇ. ನಾನು ಕೇಳಿದ್ದನ್ನೇ ತಿರುಗಿಸಿ ನನ್ನ ಕೈಗೆ ಕೊಡುವುದಕ್ಕೆ ಇಷ್ಟು ಓದಬೇಕಿತ್ತೇ ಎನಿಸುತ್ತಿತ್ತು. ಒಂದು ವಾರ ನೋಟ್‌ಬುಕ್ ಒಯ್ದೆ. ನಿದ್ದೆ, ಊಟ, ಸಿಟ್ಟು ಎಂದು ಗೆರೆ ಎಳೆದು, ನನಗೆ ನಾನೇ ಹತ್ತಕ್ಕೆ ಅಂಕ ಹಾಕಿಕೊಂಡಿದ್ದೆ. ಅವರು ಪುಟ ತಿರುಗಿಸಿ ನೋಡಿದರು.

"ಒಳ್ಳೇ ಅಂಕಗಳು. ಯಾರಿಗೆ ತೋರಿಸೋದಕ್ಕೆ?"

"ನಿಮಗೇ."

"ನನಗೆ ಬೇಕಿಲ್ಲವಲ್ಲ."

ಸಿಟ್ಟು ಬಂದು ಒಂದು ತಿಂಗಳು ಹೋಗಲಿಲ್ಲ. ಆಫೀಸಿನಲ್ಲಿ ನನ್ನ ಕೈಕೆಳಗಿನವರನ್ನು ಶನಿವಾರವೂ ಕರೆಸುವುದು, ಅವರ ನೆಪಗಳನ್ನು ಕೇಳುವುದು, ಮೇಲಿನವರಿಗೆ ನನ್ನ ನೆಪ ಹೇಳುವುದು. ಒಂದು ಮೀಟಿಂಗಿನಲ್ಲಿ ಮತ್ತೆ ಗಂಟಲು ಒಣಗಿದಂತಾಯಿತು. ಹೆದರಿ ಚಂದಾನಗರದ ಮೆಟ್ಟಿಲು ಹತ್ತಿದೆ.

ಅವತ್ತು ವಸುಧಾ ಕೇಳಿದರು, "ಚಪ್ಪಾಳೆ ತಟ್ಟುವಾಗ ಯಾರು ನೆನಪಾದರು?"

"ಅಕ್ಕ," ಎಂದೆ. ಆಮೇಲೆ ಹೇಳುತ್ತಲೇ ಹೋದೆ. ನನ್ನಕ್ಕ ಗಿರಿಜಾ ಏಳನೆಯ ಇಯತ್ತೆಗೆ ಶಾಲೆ ಬಿಟ್ಟಳು, ಹೊಲಿಗೆ ಮಷಿನ್ನಿನ ಮುಂದೆ ಕೂತಳು. "ನಿನ್ನ ಸಲುವಾಗಿ ಆಕಿ ಸಾಲಿ ಬಿಟ್ಟಾಳ, ನೆಪ್ಪಿಟ್ಗೊ," ಎಂದು ಅವ್ವ ಪ್ರತಿ ಪರೀಕ್ಷೆಯ ಮುಂಜಾನೆ ಹೇಳುತ್ತಿದ್ದಳು. ಹಾಗಾಗಿ ನಾನು ಗೆದ್ದದ್ದರಲ್ಲಿ ಸದಾ ಇಬ್ಬರ ಪಾಲು. ಒಬ್ಬಳಿಗೆ ಸಾಕಾಗುವಷ್ಟು ಗೆದ್ದರೆ ಸಾಲದು. ಆಗೆಲ್ಲ ಒಳಗೊಂದು ಹಳಹಳಿ, ಕೊರೆಯುತ್ತಲೇ ಇರುವ ಸಂಕಟ. ಆ ಪದಕ್ಕೆ ತೆಲುಗಿನಲ್ಲಿ ಹುಡುಕಿದೆ, ಹಿಂದಿಯಲ್ಲಿ ಹುಡುಕಿದೆ, ಸಿಗದೆ ಎದೆ ಮುಟ್ಟಿ ತೋರಿಸಿದೆ.

"ನಿಮ್ಮಕ್ಕನನ್ನು ಇದರ ಬಗ್ಗೆ ಎಂದಾದರೂ ಕೇಳಿದ್ದೀರಾ?"

"ಇದರಲ್ಲಿ ಕೇಳೋದೇನಿದೆ?" ಎಂದೆ.

ಆ ತಿಂಗಳ ಕೊನೆಗೆ ಅಕ್ಕ ತನ್ನ ಅಂಗಡಿಗೆ ಲೈನಿಂಗ್ ಬಟ್ಟೆ, ಲೇಸು ಕೊಳ್ಳಲು ಬಂದಳು. ಸುಲ್ತಾನ್ ಬಜಾರಿಗೆ ಹೋದೆವು. ಮೂರು ವರ್ಷವಿದ್ದ ನಾನು ಆ ಜನದಲ್ಲಿ ದಾರಿ ತಪ್ಪುತ್ತಿದ್ದರೆ, ಅವಳು ತನ್ನ ಲಿಂಗಸೂಗೂರಿನ ಹಿಂದಿಯಲ್ಲಿ ಅಂಗಡಿಯವರನ್ನೆಲ್ಲ ಬಗ್ಗಿಸುತ್ತಿದ್ದಳು. ಲೇಸಿನ ಅಂಗಡಿಯೊಂದರಲ್ಲಿ ಅವಳು ಒಂದು ಸುರುಳಿಯನ್ನು ಬೆಳಕಿಗೆ ಹಿಡಿದಿದ್ದಾಗ ಕೇಳಿಬಿಟ್ಟೆ.

"ಅಕ್ಕಾ, ನನ್ನ ಸಲುವಾಗಿ ಸಾಲಿ ಬಿಟ್ಟಿದ್ದಕ್ಕ ನಿಂಗ ಬ್ಯಾಸರ ಐತೇನು?"

"ಯಾರಂದ್ರು ಹಂಗ?"

"ಅವ್ವ."

ಅವಳು ಸುರುಳಿ ಕೆಳಗಿಟ್ಟಳು. "ನಂಗ ಸಾಲಿ ಬ್ಯಾಡಾಗಿತ್ತು. ಲೆಕ್ಕ ತಲಿಗೆ ಹತ್ತುತಿರಲಿಲ್ಲ, ಮಾಸ್ತರ ಕಿವಿ ಹಿಂಡತಿದ್ದ. ಒಂದಿನ ಹೋಗಂಗಿಲ್ಲ ಅಂತ ಹಟಾ ಹಿಡದೆ. ಮಗಳಿಗೆ ಓದು ಬರಾಂಗಿಲ್ಲ ಅಂತ ಮಂದಿ ಮುಂದ ಹ್ಯಾಂಗ ಹೇಳ್ತಾಳ ಅವ್ವ? ತಂಗಿ ಸಲುವಾಗಿ ಬಿಟ್ಲು ಅಂದ್ಲು. ಹಂಗ ಹೇಳ್ಕೋತ ತಾನೂ ನಂಬಿದ್ಲು ಅನಸ್ತೈತಿ."

ಹೇಳುತ್ತ ಹೇಳುತ್ತ ಅಕ್ಕನ ಮುಖ ಬಿಗಿಯಿತು.

"ಅಂದ್ರ ಇಷ್ಟು ವರ್ಷ ನನ್ನ ನೋಡಿ ಪಾಪ ಅನಕೋತ ಬಂದಿ? ಪ್ರತಿ ಹಬ್ಬಕ್ಕ ಅಂಥಾ ಭಾರಿ ಸೀರಿ ತರತಿದ್ದಿ, ಅದು ಇದಕ್ಕ? ಎಂಟು ಮಂದಿ ಹೆಣ್ಣುಮಕ್ಕಳಿಗೆ ಹೊಲಿಗಿ ಕಲಿಸೀನಿ ನಾನು. ನಂದೇನು ಹಾಳಾಗೇತಿ?"

ಅಂಗಡಿಯವನು ಯಾವ ಲೇಸು ಕತ್ತರಿಸಲಿ ಎಂದು ಕೇಳಿದ. ಯಾವುದೂ ಬೇಡ ಎಂದು ಅವಳು ಎದ್ದಳು. ಟ್ರೇನಿನಲ್ಲಿ ಲಿಂಗಂಪಲ್ಲಿಯವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮರುದಿನ ಒಬ್ಬಳೇ ಹೋಗಿ ಲೇಸು ತಂದಳು.

ಹಗುರವಾಯಿತೇ ಎಂದು ಕೇಳಬೇಡಿ. ನನಗೆ ಸಿಟ್ಟೇ ಸಿಟ್ಟು. ಯಾರಿಗಾಗಿ ಓಡಿದೆನೋ ಅವಳು ಓಡು ಎಂದೇ ಇರಲಿಲ್ಲ. ವಸುಧಾರ ಮುಂದೆ ಐವತ್ತು ನಿಮಿಷ ಬೈದೆ. ಅವ್ವನನ್ನು ಬೈದೆ, ಅವರನ್ನೂ ಬೈದೆ. ಕೊನೆಗೆ ಅವರು ಕೇಳಿದ್ದು ಒಂದೇ: "ಅಕ್ಕನ ಪಾಲು ತೆಗೆದರೆ, ಈ ಕೆಲಸದಲ್ಲಿ ನಿಮಗೆ ಇಷ್ಟವಾದದ್ದು ಏನು?"

ಉತ್ತರ ಸಿಗಲು ಎರಡು ತಿಂಗಳು ಬೇಕಾಯಿತು. ತಪ್ಪು ಹುಡುಕುವುದು ನನಗೆ ಇಷ್ಟ. ಜನರನ್ನು ಓಡಿಸುವುದು ಇಷ್ಟವಿಲ್ಲ. ಲೀಡ್ ಬೇಡ, ಮೊದಲಿನ ಕೆಲಸ ಕೊಡಿ ಎಂದು ಬರೆದುಕೊಟ್ಟೆ. ಸಿಬ್ಬಂದಿ ವಿಭಾಗದವನೊಬ್ಬ ಕರೆಸಿ, "ಮನೆಯಲ್ಲೇನಾದರೂ ತೊಂದರೆಯಾ? ಮದುವೆ ನಿಶ್ಚಯವಾಯಿತಾ?" ಎಂದು ಮೂರು ಸಲ ವಿಚಾರಿಸಿದ. ನನಗಾಗಿ ಚಪ್ಪಾಳೆ ತಟ್ಟಿದವರು ಈಗ ಕ್ಯಾಂಟೀನಿನಲ್ಲಿ ಕಾಯಿಲೆಯವಳನ್ನು ಕಂಡಂತೆ ದನಿ ತಗ್ಗಿಸಿ ಮಾತಾಡಿಸುತ್ತಿದ್ದರು.

ಊರಿಗೆ ಹೋಗಿ ಹೇಳಿದಾಗ ಅವ್ವ ಸೌಟು ಹಿಡಿದೇ ನಿಂತಳು. "ಮುಂದ ಹೋದಾಕಿ ಹಿಂದ ಬರೋದು ಯಾವ ಶಾಣ್ಯಾತನ?" ಎಂದಳು. ಚಂದಾನಗರದ ಕೋಣೆಯಲ್ಲಿ ನಾವು ಪದೇಪದೇ ಬಳಸುತ್ತಿದ್ದ ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕಿಳಿಸಲು ನೋಡಿದೆ. "ಇದೂ ಒಂದು ಬೆಳವಣಿಗೆನ ಅವ್ವಾ."

"ಬೆಳಿಯೋ ವಯಸ್ಸು ಎಲ್ಲೈತಿ ಈಗ ನಿಂದು?"

ಅಕ್ಕ ಬಾಗಿಲಲ್ಲಿ ಕೂತು ಬಟ್ಟೆ ಕತ್ತರಿಸುತ್ತಿದ್ದಳು. ಸುಲ್ತಾನ್ ಬಜಾರಿನ ನಂತರ ನನ್ನೊಂದಿಗೆ ಅವಳ ಮಾತು ಕಡಿಮೆಯಾಗಿತ್ತು. ತಲೆ ಎತ್ತದೆ, "ಬಿಡವ್ವ. ಆಕಿಗೆ ಬ್ಯಾಡಾಗಿತ್ತು, ಬ್ಯಾಡ ಅಂದ್ಲು," ಎಂದಳು. ಅವ್ವ ಅವಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಒಳಗೆ ಹೋದಳು.

ನಾಲ್ಕನೆಯ ದಿನ ಊರಲ್ಲಿ ನನಗೆ ಕಾಲು ನಿಲ್ಲಲಿಲ್ಲ. ಕರೆಂಟು ಹೋದಾಗ, "ನಮ್ಮ ಕಡೆ ಹಿಂಗ ತಾಸಗಟ್ಲೆ ಹೋಗಂಗಿಲ್ಲ," ಎಂದು ಗೊಣಗಿದೆ. ಅಕ್ಕ ಕತ್ತರಿ ನಿಲ್ಲಿಸಿ ಕೇಳಿದಳು, "ನಿಮ್ಮ ಕಡಿ ಅಂದ್ರ ಯಾವ ಕಡಿ?" ಅವಳು ನಗುತ್ತಿರಲಿಲ್ಲ.

ಮರುವಾರ ಚಂದಾನಗರದಲ್ಲಿ ಅಕ್ಕನ 'ಯಾವ ಕಡಿ' ಎಂಬ ಮಾತನ್ನು ವಸುಧಾರಿಗೆ ಹೇಳಬೇಕೆನಿಸಿತು. ತೆಲುಗಿನಲ್ಲಿ ಹೇಳಿದರೆ ಸಪ್ಪೆಯಾಯಿತು, ಇಂಗ್ಲಿಷಿನಲ್ಲಿ ದೊಡ್ಡ ಮಾತಾಯಿತು. ಕಡೆಗೆ ಕನ್ನಡದಲ್ಲೇ ಹೇಳಿ, "ನಮ್ಮ ಕಡೆ ಹೀಗಂತಾರೆ," ಎಂದೆ. ಅವರು ಆ ಮಾತನ್ನು ತಮ್ಮ ತೆಲುಗು ನಾಲಿಗೆಯಲ್ಲಿ ತಪ್ಪುತಪ್ಪಾಗಿ ಉಚ್ಚರಿಸಿದರು. ಎರಡು ಸಲ ತಿದ್ದಿದೆ. ಮೂರನೆಯ ಸಲ ಬಿಟ್ಟುಬಿಟ್ಟೆ.