ಹನ್ನೊಂದು ನಾಟಿನ ಹಡಗು

ಯಡ್ರಾವದ ಜಿನಗೊಂಡ ಮಗಳ ಜೊತೆ ಮಾತು ಬಿಟ್ಟು ತಿಂಗಳುಗಳೇ ಕಳೆದಿದ್ದವು. ಚಿಕ್ಕಂದಿನಲ್ಲಿ ಸೋನಲ ಅವನ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಕಬ್ಬಿನ ಕಾರ್ಖಾನೆಗೆ ಬರುತ್ತಿದ್ದಳು. ಹೆಣ್ಣುಹುಡುಗಿಗೆ ಯಾಕೆಂದು ಸ್ಟೇರಿಂಗ್ ಮಾತ್ರ ಕೊಟ್ಟಿರಲಿಲ್ಲ. ಅವಳೋ, ಅಪ್ಪ ಬೇಡವೆಂದರೂ ಕೇಳದೆ ಹಡಗು ನಡೆಸುವ ಓದು ಮುಗಿಸಿ ಸರಕಿನ ಹಡಗು ಹತ್ತಿದಳು. ಅವಳ ಫೋನ್ ಬಂದರೆ ಈತ ಎದ್ದು ಎಮ್ಮೆಯ ಕಡೆ ಹೋಗುತ್ತಿದ್ದ. ಕಿವಿ ಮಾತ್ರ ಹೆಂಡತಿ ಚಂಪಾಬಾಯಿಯ ಬಳಿಯೇ ಇರುತ್ತಿತ್ತು.

ಹಟಮಾರಿ, ನಿಜ. ಆದರೆ ಕುತೂಹಲದ ಮುಂದೆ ಅವನ ಹಟ ಎಂದೂ ನಿಂತದ್ದಿಲ್ಲ. ಯಾರ ಪಂಪು ಕೆಟ್ಟರೂ ಬಿಚ್ಚಿ ನೋಡುವವನು. ಹಡಗು ಎಲ್ಲಿದೆಯೆಂದು ತೋರಿಸುವ ಆ್ಯಪ್ ಮೊಬೈಲಿಗೆ ಬಂದ ಮೇಲೆ ಅದೇ ಧ್ಯಾನವಾಯಿತು.

ಒಂದು ದಿನ ಮಗಳ ಹಡಗಿನ ಪಕ್ಕ ವೇಗ ಕಾಣಿಸಿತು: ಹನ್ನೊಂದು. ಸೈಕಲ್ಲೇ ಇದಕ್ಕಿಂತ ಜೋರು! ಎಂಜಿನ್ ಕೆಟ್ಟು ಮಗಳು ನಡುನೀರಿನಲ್ಲಿ ಸಿಕ್ಕಿಬಿದ್ದಿದ್ದಾಳೆ ಎಂದುಕೊಂಡ. ಮರುದಿನವೂ ಹನ್ನೊಂದೇ. ಚಂಪಾಬಾಯಿಗೆ ಹೇಳಿದರೆ, ಚಿಂತೆ ಹತ್ತಿದವರೇ ಕೇಳಲಿ ಎಂದು ಅವಳು ಸೋನಲಳಿಗೆ ಫೋನ್ ಹಚ್ಚಿ ಅವನ ಕೈಗಿಟ್ಟು ಒಳಗೆ ಹೋದಳು.

ಹೇಗಿದ್ದೀ ಎಂದೂ ಕೇಳದೆ, ಎಂಜಿನ್ನಿಗೆ ಏನಾಗಿದೆ ಎಂದ.

ಸೋನಲ, ಎಂಜಿನ್ ಚೆನ್ನಾಗಿದೆ, ಅದು ಕಿಲೋಮೀಟರ್ ಅಲ್ಲ, ನಾಟ್ ಎಂದಳು. ಒಂದು ನಾಟ್ ಎಂದರೆ ತಾಸಿಗೆ ಒಂದು ಕಿಲೋಮೀಟರ್ ಎಂಟುನೂರ ಐವತ್ತೆರಡು ಮೀಟರ್. ನೀರಿಗೆ ಬೇರೆ ಅಳತೆ ಯಾಕೆಂದು ತಿಳಿಯದೆ ಫೋನ್ ಇಡುವ ಆಸಾಮಿಯೇ ಜಿನಗೊಂಡ? ಕೇಳಿದ.

"ಸಮುದ್ರದಾಗ ಕಿಲೋಮೀಟರ್ ಕಲ್ಲ ಎಲ್ಲಿ ಹುಗೀಬೇಕ ಅಪ್ಪಾ? ಭೂಮಿ ಸುತ್ತಳತೀನ ಸಣ್ಣ ಸಣ್ಣ ಪಾಲ ಮಾಡ್ಯಾರ. ಒಂದ ಪಾಲಿಗೆ ಒಂದ ಸಮುದ್ರದ ಮೈಲು. ತಾಸಿಗೆ ಅಷ್ಟ ದಾಟಿದ್ರ ಒಂದ ನಾಟ್."

ಜಿನಗೊಂಡ ಬೆರಳು ಮಡಚಿ ಲೆಕ್ಕ ಹಾಕಿದ. ಹನ್ನೊಂದು ನಾಟ್ ಎಂದರೆ ಇಪ್ಪತ್ತು ಕಿಲೋಮೀಟರಿಗಿಂತ ಚೂರು ಹೆಚ್ಚು. ಕಬ್ಬು ಹೇರಿದ ಎರಡು ಟ್ರೇಲರ್ ಎಳೆಯುವಾಗ ಅವನ ಟ್ರ್ಯಾಕ್ಟರೂ ಅಷ್ಟೇ ಓಡುತ್ತದೆ. ನಗು ತಡೆಯಲಾಗಲಿಲ್ಲ, ಅದನ್ನೇ ಹೇಳಿದ.

"ಹೌದ ಅಪ್ಪಾ. ಇದಕ್ಕೂ ಒಮ್ಮೆಲೆ ನಿಲ್ಲಾಕ ಆಗಂಗಿಲ್ಲ. ಹೇರು ಹಿಂದಿಂದ ನೂಕತೈತಿ, ದೂರದಿಂದನ ಸಾವಕಾಶ ಮಾಡಬೇಕು ಅಂತ ನೀನ ಹೇಳ್ತಿದ್ದಿ. ನಾ ಅದನ್ನ ನೆನಪಿಟ್ಟ ಓಡಸ್ತೀನಿ."

ಮಗಳು ಅಪ್ಪನ ಕೆಲಸವನ್ನೇ ಮಾಡುತ್ತಿದ್ದಾಳೆ ಎಂದು ಜಿನಗೊಂಡನಿಗೆ ಹೊಳೆದದ್ದು ಆಗ. ಎದ್ದು ಒಳಗೆ ಹೋಗಿ ಫೋನ್ ಹೆಂಡತಿಗೆ ಕೊಟ್ಟ.

ಮರುದಿನ ಕಾರ್ಖಾನೆಯ ಸರದಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಮಗಳಿಗೆ ಧ್ವನಿ ಸಂದೇಶ ಕಳಿಸಿದ.

"ಸೋನಲ, ನಾನೂ ಹನ್ನೊಂದು ನಾಟಿನ್ಯಾಗ ಬಂದೇನಿ. ನೀ ಊರಿಗೆ ಬಂದಾಗ ಸ್ಟೇರಿಂಗ್ ನಿನ್ನ ಕೈಯಾಗ. ನಾ ಮಡ್‌ಗಾರ್ಡ್ ಮ್ಯಾಲ ಕೂಡ್ತೀನಿ."