ಅದ್ರಾಮಾಕನ ಉದ್ಯೋಗ

ಯಾವ ವಸ್ತು ಕಂಡರೂ ಅದ್ರಾಮಾಕನಿಗೆ ಮೊದಲು ಹೊಳೆಯುತ್ತಿದ್ದದ್ದು ಅದರ ತೂಕ. ಉತ್ತರಪತ್ರಿಕೆ ತುಂಬಿದ ನನ್ನ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ, "ಐದೂವರೆ ಕಿಲೋ ಉಂಟು ಮಾಷ್ಟ್ರೆ. ಇಷ್ಟು ಬರೆದೂ ಮಕ್ಕಳು ಫೇಲಾಗುವುದಾ?" ಎನ್ನುತ್ತಿದ್ದರು. ಮದುವೆಮನೆಯಲ್ಲಿ ಮದುಮಗನನ್ನೂ ಕಣ್ಣಲ್ಲೇ ತೂಗುವ ಆಸಾಮಿ.

ಫರಂಗಿಪೇಟೆಯಲ್ಲಿ ನಾನು ಪಾಠ ಹೇಳುತ್ತಿದ್ದ ಶಾಲೆಯ ಹಿಂದೆಯೇ ಅವರ ಮನೆ. ಬೆಳಗಿನ ಮೊದಲ ಬಸ್ಸಿಗೆ ಮಂಗಳೂರಿನ ಹಳೇ ಬಂದರಿಗೆ ಹೋಗಿ, ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಎಂಬ ಮರದ ಹಡಗುಗಳಿಗೆ ಅಕ್ಕಿ, ಸಿಮೆಂಟು, ನೀರುಳ್ಳಿಯ ಮೂಟೆ ತುಂಬುವುದು ಅವರ ಕೆಲಸ. ಧಕ್ಕೆಯ ಕಟ್ಟೆಯಿಂದ ಮಂಜಿಗೆ ಹಾಸಿದ ಹಲಗೆಯ ಮೇಲೆ ದಿನಕ್ಕೆ ಎಷ್ಟು ಸಲ ನಡೆಯುತ್ತಿದ್ದರೋ. "ಹಲಗೆ ಮೇಲೆ ನಿಂತು ಯೋಚನೆ ಮಾಡ್ಲಿಕ್ಕಿಲ್ಲ ಮಾಷ್ಟ್ರೆ, ಹಿಂದೆ ಇನ್ನೊಬ್ಬ ಇರ್ತಾನೆ" ಎನ್ನುವುದು ಅವರ ಮಾತು.

ಮಗಳು ಜೊಹರಾಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದಾಗ ತಂದೆಯ ಉದ್ಯೋಗ ಕೇಳಿದೆ. "ಹಮಾಲಿ" ಎಂದರು, ಗಟ್ಟಿಯಾಗಿ. ಹಿಂದಿನ ವರ್ಷ ಒಬ್ಬ ಹುಡುಗನನ್ನು ಇದೇ ಶಬ್ದ ಹಿಡಿದು ಕ್ಲಾಸೆಲ್ಲ ಗೇಲಿ ಮಾಡಿತ್ತು. ಅದು ನೆನಪಾಗಿ ನಾನು ದಾಖಲೆ ಪುಸ್ತಕದಲ್ಲಿ 'ವ್ಯಾಪಾರ' ಎಂದು ಬರೆದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ತೋರಿಸಿದಲ್ಲಿ ಸಹಿ ಹಾಕಿದರು. ದೊಡ್ಡ ಉಪಕಾರ ಮಾಡಿದೆನೆಂದು ಆ ದಿನ ಬೀಗಿದ್ದೆ.

ಕೆಲವು ವರ್ಷಗಳ ನಂತರ ಅವರೊಂದಿಗೆ ಚಾ ಕುಡಿಯುತ್ತಾ 'ಹಮಾಲಿ' ಶಬ್ದದ ಮೂಲ ವಿವರಿಸಲು ಹೊರಟೆ. ನಿಘಂಟು ನೋಡಿಕೊಂಡು ಬಂದಿದ್ದ ಜಂಬ ಬೇರೆ. ಅರಬ್ಬಿಯ 'ಹಮ್ಮಾಲ್', ಪಾರಸಿ, ಮರಾಠಿ ಎಂದು ನಾನು ಶುರುಮಾಡುತ್ತಲೇ ಅವರು ನಕ್ಕರು.

"ನಮ್ಮ ಮದರಸದ ಉಸ್ತಾದರು ಹೇಳಿದ್ದಾರೆ. ಹೊರುವವ ಅಂತ ಅರ್ಥ, ಬೇರೆ ಎಂತದೂ ಇಲ್ಲ. ಅರಬ್ಬಿ ಹಡಗಿನವರು ಸಾಮಾನು ಇಳಿಸುವಾಗ ಈ ಶಬ್ದವನ್ನೂ ಇಳಿಸಿ ಹೋದದ್ದಾಗಿರಬೇಕು. ಭಾರ ಇಲ್ಲ ನೋಡಿ, ಯಾರೂ ವಾಪಸ್ ತೆಗೆದುಕೊಂಡು ಹೋಗಲಿಲ್ಲ."

ದಾಖಲೆಯಲ್ಲಿ ಬೇರೆ ಬರೆದದ್ದನ್ನು ಆಗಲೇ ಒಪ್ಪಿಕೊಳ್ಳಬೇಕಿತ್ತು. ನಾನು ಚಾ ಮುಗಿಸಿ ಎದ್ದೆ.

ಜೊಹರಾ ನಮ್ಮಲ್ಲೇ ಹತ್ತನೆಯ ತರಗತಿ ಮುಗಿಸಿದಳು, ಒಳ್ಳೆಯ ಅಂಕ ಬಂತು. ಅವಳಿಗೆ ನರ್ಸ್ ಆಗುವ ಹಂಬಲ. ಬಂದರಿನ ಕೂಲಿಯವರ ಮಕ್ಕಳನ್ನು ಹಾಸ್ಟೆಲಿನಲ್ಲಿಟ್ಟು ಓದಿಸುವ ಸಂಸ್ಥೆಯೊಂದಿತ್ತು. ಅವರು ಶಾಲಾ ದಾಖಲೆಯ ಪ್ರತಿ ಕೇಳಿದರು. ಅದರಲ್ಲಿ ತಂದೆ ವ್ಯಾಪಾರಿ. ತಿದ್ದಿಸಲು ನಾನು ಕಚೇರಿಯಿಂದ ಕಚೇರಿಗೆ ಅಲೆಯುವಷ್ಟರಲ್ಲಿ ಸೀಟು ಬೇರೆಯವರ ಪಾಲಾಗಿತ್ತು.

ಸಂಸ್ಥೆಯವರಿಂದ ಕಾರಣ ತಿಳಿದು ಅದ್ರಾಮಾಕ ಶಾಲೆಯ ಜಗಲಿಗೆ ಬಂದು ನಿಂತರು. ದನಿ ಏರಿಸಲಿಲ್ಲ.

"ಹೇಳುವಾಗ ನನಗೆ ನಾಚಿಕೆ ಆಗಲಿಲ್ಲ ಮಾಷ್ಟ್ರೆ. ಬರೆಯುವಾಗ ನಿಮಗೆ ಯಾಕೆ ಆಯಿತು?"

ಅದಾದ ಮೇಲೂ ಎದುರು ಸಿಕ್ಕಾಗ ಅವರು ಸಲಾಂ ಹೇಳುತ್ತಿದ್ದರು, ಚೀಲವನ್ನು ಮಾತ್ರ ಎತ್ತಿ ನೋಡುತ್ತಿರಲಿಲ್ಲ. ಬಿ.ಸಿ. ರೋಡಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ ಜೊಹರಾಳನ್ನು ಕಂಡರೆ ನಾನೇ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೆ.

ಹೋದ ವರ್ಷ ಅದ್ರಾಮಾಕ ತೀರಿಕೊಂಡರು. ಮೂರನೇ ದಿನ ಮನಸ್ಸು ಗಟ್ಟಿಮಾಡಿಕೊಂಡು ಅವರ ಮನೆಗೆ ಹೋದೆ. ಜೊಹರಾ ಚಾ ತಂದಿಟ್ಟಳು. ನಿನ್ನ ಸೀಟು ಹೋದದ್ದು ನಾನು ಬರೆದ ಒಂದು ಶಬ್ದದಿಂದ, ಕ್ಷಮಿಸಮ್ಮ ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನನ್ನನ್ನೇ ನೋಡಿದಳು.

"ನಿಮ್ಮಿಂದಾ ಸರ್? ಬಾಪ ಹಾಗೆ ಹೇಳಲೇ ಇಲ್ಲ. ಮಂಜಿ ತುಂಬುವ ಗಡಿಬಿಡಿಯಲ್ಲಿ ಅರ್ಜಿ ಕೊಡ್ಲಿಕ್ಕೆ ಮರೆತೆ, ತಪ್ಪು ನನ್ನದು ಅಂತ ಹೇಳಿದ್ರು."

ತಟ್ಟೆ ಎತ್ತಿಕೊಳ್ಳುತ್ತಾ, "ಆ ಸಿಟ್ಟಿಗೆ ನಾನು ಎರಡು ವರ್ಷ ಬಾಪನ ಹತ್ತಿರ ಸರಿಯಾಗಿ ಮಾತಾಡಲಿಲ್ಲ" ಎಂದಳು.

ಒಳಗೆ ಹೋದವಳು, ನಾನು ಎದ್ದು ಬರುವವರೆಗೂ ಹೊರಗೆ ಬರಲಿಲ್ಲ.